ಹಳೆಯ ಮೋಟಾರು ಕಾರುಗಳ ಒಳಾಂಗಣಕ್ಕೆ ಶಬ್ದ ಹಾಗೂ ಶಾಖ ನಿರೋಧಕಗಳ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

1. ಉದ್ದೇಶ

ಬೆಂಗಳೂರಿನ ಮಾವಳ್ಳಿ, ಬಸವನಗುಡಿ, ಚಾಮರಾಜಪೇಟೆ ಹಾಗೂ ಮಲ್ಲೇಶ್ವರದಂತಹ ಹಳೆಯ ಬಡಾವಣೆಗಳಲ್ಲಿ ತಂದೆ ಅಥವಾ ತಾತನವರ ಕಾಲದ ಕಾರನ್ನು ಜೋಪಾನವಾಗಿ ಉಳಿಸಿಕೊಂಡಿರುವ ಕುಟುಂಬಗಳು ಇಂದಿಗೂ ಇವೆ. ಅಂಬಾಸಿಡರ್, ಫಿಯೆಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್ ಮುಂತಾದ ಈ ಕಾರುಗಳು ಹವಾನಿಯಂತ್ರಣವಿಲ್ಲದ ಕಾಲದಲ್ಲಿ ತಯಾರಾದವು. ಎಂಜಿನ್ನಿನ ಬಿಸಿ ಮತ್ತು ಸದ್ದು ನೇರವಾಗಿ ಒಳಗೆ ಬರುವುದರಿಂದ ಮಾಲೀಕರು ಒಳಾಂಗಣಕ್ಕೆ ನಿರೋಧಕ ಹಾಸುಗಳನ್ನು ಅಳವಡಿಸಲು ಬಯಸುವುದು ಸಹಜ. ಮಾವಳ್ಳಿಗೆ ಹೊಂದಿಕೊಂಡಿರುವ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿರುವ ಪ್ರದೇಶದಲ್ಲಿ ಇಂತಹ ಸಾಮಗ್ರಿಗಳು ಹಲವು ಬಗೆಯಲ್ಲಿ ದೊರೆಯುತ್ತವೆ.

ಆದರೆ ತಪ್ಪು ಆಯ್ಕೆಯಿಂದ ಎರಡು ಬಗೆಯ ನಷ್ಟ ಉಂಟಾಗಬಹುದು. ಮೊದಲನೆಯದಾಗಿ, ನೀರು ಹೀರುವ ಹಾಸಿನ ಕೆಳಗೆ ನೆಲದ ತಗಡು ಮಾಲೀಕರ ಗಮನಕ್ಕೆ ಬಾರದಂತೆಯೇ ತುಕ್ಕು ಹಿಡಿದು ಸವೆಯುತ್ತದೆ. ಎರಡನೆಯದಾಗಿ, ಅಳವಡಿಕೆಗಾಗಿ ಬಾಡಿಯನ್ನು ಕತ್ತರಿಸಿದಲ್ಲಿ ವಾಹನವು ತನ್ನ ಮೂಲ ಸ್ವರೂಪವನ್ನು ಕಳೆದುಕೊಂಡು ವಿಂಟೇಜ್ ನೋಂದಣಿಯ ಅರ್ಹತೆಗೆ ಧಕ್ಕೆಯಾಗುತ್ತದೆ. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನವೇ ಈ ಕೆಳಕಂಡ ಅಂಶಗಳನ್ನು ಗಮನಿಸುವಂತೆ ಸಾರ್ವಜನಿಕರನ್ನು ಕೋರಲಾಗಿದೆ.

2. ಕಾನೂನಿನಲ್ಲಿ ಇರುವುದೇನು?

(ಅ) 2021ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತರಲಾದ ತಿದ್ದುಪಡಿಯ ಪ್ರಕಾರ, ಪ್ರಥಮ ನೋಂದಣಿಯ ದಿನಾಂಕದಿಂದ 50 ವರ್ಷ ಮೀರಿದ, ವಾಣಿಜ್ಯೇತರ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಮೋಟಾರು ವಾಹನಗಳೆಂದು ಪರಿಗಣಿಸಲಾಗುತ್ತದೆ. ವಾಹನವು ಮೂಲ ಸ್ವರೂಪದಲ್ಲಿಯೇ ಇರತಕ್ಕದ್ದು. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.

(ಆ) ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರಂತೆ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಸದರಿ ಪ್ರಕರಣದಲ್ಲಿ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆ ಎಂದು ವಿವರಿಸಲಾಗಿದೆ. 2019ರಲ್ಲಿ ತಿದ್ದುಪಡಿಯಾದ ಪ್ರಕರಣ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರು ಆರು ತಿಂಗಳವರೆಗಿನ ಕಾರಾವಾಸಕ್ಕೆ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡಕ್ಕೆ, ಅಥವಾ ಎರಡಕ್ಕೂ ಗುರಿಯಾಗಬಹುದು.

(ಇ) ಇವೆರಡನ್ನೂ ಒಟ್ಟಿಗೆ ಓದಿದಾಗ ಸ್ಪಷ್ಟವಾಗುವುದೇನೆಂದರೆ, ರತ್ನಗಂಬಳಿಯ ಅಡಿಯಲ್ಲಿ ಹಾಸುವ, ಬೇಕೆಂದಾಗ ತೆಗೆಯಬಹುದಾದ ನಿರೋಧಕವು ವಾಹನದ ರಚನೆಯನ್ನು ಬದಲಿಸುವುದಿಲ್ಲ. ಆದರೆ ಅದಕ್ಕಾಗಿ ನೆಲದ ತಗಡನ್ನು ಕತ್ತರಿಸುವುದು, ಹೊಸ ಪಟ್ಟಿಗಳನ್ನು ಬೆಸೆಯುವುದು, ಎಂಜಿನ್ ಹಾಗೂ ಪ್ರಯಾಣಿಕರ ನಡುವಿನ ಲೋಹದ ಗೋಡೆಯನ್ನು ಬದಲಿಸುವುದು ಬೇರೆಯೇ ವಿಷಯ. ಆದ್ದರಿಂದ ಎಲ್ಲ ಆಯ್ಕೆಗಳಿಗೂ ಒಂದೇ ಅಳತೆಗೋಲನ್ನು ಇರಿಸಿಕೊಳ್ಳುವುದು ಉತ್ತಮ: ಅಳವಡಿಸಿದ್ದನ್ನು ಕಾರಿಗೆ ಗಾಯವಾಗದಂತೆ ಮರಳಿ ತೆಗೆಯಲು ಸಾಧ್ಯವಿರಬೇಕು.

3. ಖರೀದಿಗೆ ಮುನ್ನ ದೋಷ ಪತ್ತೆ

ನಿರೋಧಕವು ದುರಸ್ತಿಗೆ ಪರ್ಯಾಯವಲ್ಲ. ಹಳೆಯ ಕಾರಿನ ಸದ್ದಿನಲ್ಲಿ ಬಹುಪಾಲು ಸವೆದ ಭಾಗಗಳಿಂದ ಬರುತ್ತದೆ. ಆದಕಾರಣ ಮೊದಲು ಈ ಕೆಳಗಿನವುಗಳನ್ನು ಪರಿಶೀಲಿಸತಕ್ಕದ್ದು:

– ಸೈಲೆನ್ಸರ್ ಮತ್ತು ಹೊಗೆ ಕೊಳವೆಯ ಜೋಡಣೆಗಳಲ್ಲಿ ಸೋರಿಕೆ
– ಎಂಜಿನ್ ಹಾಗೂ ಗೇರ್‌ಬಾಕ್ಸನ್ನು ಹೊತ್ತಿರುವ ರಬ್ಬರ್ ಮೌಂಟಿಂಗ್‌ಗಳ ಸವೆತ
– ಬಾಗಿಲುಗಳ ರಬ್ಬರ್ ಬೀಡಿಂಗ್ ಮತ್ತು ಕಿಟಕಿ ಗಾಜಿನ ಚಾನೆಲ್
– ವೈರು, ಕೇಬಲ್, ಪೆಡಲ್‌ಗಳು ಹಾದುಹೋಗುವ ರಂಧ್ರಗಳ ರಬ್ಬರ್ ಬಿರಡೆಗಳು
– ನೆಲದ ತಗಡಿನಲ್ಲಿ ತುಕ್ಕಿನಿಂದಾದ ತೂತುಗಳು

ಕೊನೆಯ ಎರಡು ಅಂಶಗಳು ಪ್ರಾಣರಕ್ಷಣೆಗೆ ಸಂಬಂಧಿಸಿದವು. ಎಂಜಿನ್ನಿನ ಹೊಗೆಯಲ್ಲಿ ಇರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೂತುಗಳ ಮೂಲಕ ಅದು ಒಳಸೇರಿದರೆ ಪ್ರಯಾಣಿಕರಿಗೆ ತಿಳಿಯುವುದೇ ಇಲ್ಲ. ತೂತಿನ ಮೇಲೆ ಹಾಸನ್ನು ಅಂಟಿಸಿ ಮುಚ್ಚದೆ, ತಗಡನ್ನು ಮೂಲ ಆಕಾರದಂತೆಯೇ ದುರಸ್ತಿ ಮಾಡಿಸಿ, ತುಕ್ಕು ನಿರೋಧಕ ಬಣ್ಣ ಬಳಿಸಿದ ನಂತರವೇ ಮುಂದಿನ ಕೆಲಸಕ್ಕೆ ತೊಡಗುವುದು ಸೂಕ್ತ.

4. ಶಬ್ದ ಮತ್ತು ಶಾಖ: ಒಂದೇ ಮದ್ದು ಇಲ್ಲ

ಅಂಗಡಿಗಳಲ್ಲಿ ಒಂದೇ ಹಾಳೆಯು ಶಬ್ದ ಹಾಗೂ ಶಾಖ ಎರಡನ್ನೂ ತಡೆಯುತ್ತದೆ ಎಂದು ಹೇಳಿ ಮಾರುವುದುಂಟು. ವಾಸ್ತವದಲ್ಲಿ ಇಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳಿವೆ.

(ಅ) ಕಂಪನ ತಡೆ: ಬಾಗಿಲು, ನೆಲ ಹಾಗೂ ಛಾವಣಿಯ ತೆಳು ತಗಡು ತಮಟೆಯಂತೆ ಕಂಪಿಸಿ ಸದ್ದು ಹೊರಡಿಸುತ್ತದೆ. ಅದಕ್ಕೆ ಭಾರವಾದ, ಮೆತುವಾದ ಹಾಳೆಯನ್ನು ಅಂಟಿಸಿದಾಗ ಕಂಪನ ಅಡಗುತ್ತದೆ. ಪೂರ್ತಿ ತಗಡನ್ನು ಮುಚ್ಚಬೇಕಾಗಿಲ್ಲ. ಪ್ರತಿ ತಗಡಿನ ನಡುಭಾಗದಲ್ಲಿ ಕಾಲು ಭಾಗದಿಂದ ಅರ್ಧ ಭಾಗದಷ್ಟು ಅಂಟಿಸಿದರೆ ಸಾಕಾಗುತ್ತದೆ. ಬೆರಳ ಗಿಣ್ಣಿನಿಂದ ತಟ್ಟಿ ನೋಡುವುದು ಸುಲಭ ಪರೀಕ್ಷೆ: ಗಂಟೆಯಂತೆ ಅನುರಣಿಸುವ ಜಾಗಕ್ಕೆ ಹಾಳೆ ಬೇಕು, ಮೊಂಡು ಸದ್ದು ಬರುವ ಜಾಗಕ್ಕೆ ಬೇಕಿಲ್ಲ.

(ಆ) ಶಬ್ದ ಹೀರುವಿಕೆ: ನಾರು ಅಥವಾ ಫೆಲ್ಟ್‌ನಂತಹ ಸಡಿಲ ವಸ್ತುಗಳು ಒಳಗೆ ಬಂದ ಸದ್ದನ್ನು ಹೀರಿಕೊಳ್ಳುತ್ತವೆ. ಎತ್ತರದ ಸ್ವರಗಳಿಗೆ ಇವು ಹೆಚ್ಚು ಪರಿಣಾಮಕಾರಿ. ಎಂಜಿನ್ನಿನ ಗುಡುಗಿನಂತಹ ತಗ್ಗಿನ ಸದ್ದಿಗೆ ಅಷ್ಟಾಗಿ ಅಲ್ಲ.

(ಇ) ಶಬ್ದ ತಡೆ: ಗಾಳಿಯಲ್ಲಿ ಸಾಗಿ ಬರುವ ಸದ್ದನ್ನು ತಡೆಯುವುದು ತೂಕ. ತಡೆಯ ತೂಕ ಇಮ್ಮಡಿಯಾದರೆ ಸಿದ್ಧಾಂತದಂತೆ ಸುಮಾರು 6 ಡೆಸಿಬೆಲ್ ಕಡಿತವಾಗುತ್ತದೆ. ಆದರೆ ಕಿವಿಗೆ ಸದ್ದು ಅರ್ಧವಾದಂತೆ ತೋರಲು ಸುಮಾರು 10 ಡೆಸಿಬೆಲ್ ಇಳಿಯಬೇಕು. ಇದಲ್ಲದೆ, ಒಂದು ಸಣ್ಣ ಬಿರುಕು ಉಳಿದರೂ ತಡೆಯ ಪ್ರಯೋಜನ ಬಹುಪಾಲು ನಷ್ಟವಾಗುತ್ತದೆ. ಹೊಸ ಬೀಡಿಂಗ್‌ಗೆ ಮಾಡುವ ಖರ್ಚು ಮೊದಲು ಬರಬೇಕು ಎನ್ನುವುದಕ್ಕೆ ಇದೇ ಕಾರಣ.

(ಈ) ಶಾಖ ತಡೆ: ಶಾಖವು ವಹನ, ಸಂವಹನ ಹಾಗೂ ವಿಕಿರಣ ಎಂಬ ಮೂರು ಮಾರ್ಗಗಳಿಂದ ಒಳಬರುತ್ತದೆ. ತಗಡಿನ ಮೂಲಕ ಬರುವ ಶಾಖವನ್ನು ಗಾಳಿಯ ಗುಳ್ಳೆಗಳಿರುವ ಫೋಮ್ ತಡೆಯುತ್ತದೆ; ಅದರ ಶಾಖವಾಹಕತೆ ಉಕ್ಕಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಹೊಗೆ ಕೊಳವೆಯಿಂದ ಹಾಗೂ ಬಿಸಿಲಿಗೆ ಕಾದ ಛಾವಣಿಯಿಂದ ಹೊಮ್ಮುವ ವಿಕಿರಣವನ್ನು ಹೊಳಪಿನ ಅಲ್ಯೂಮಿನಿಯಂ ಹಾಳೆ ಶೇ. 90ಕ್ಕೂ ಹೆಚ್ಚು ಹಿಂದಿರುಗಿಸುತ್ತದೆ. ಆದರೆ ಹಾಳೆಯ ಹೊಳಪಿನ ಮುಖದ ಎದುರು ಗಾಳಿಯ ತೆರಪು ಇರಲೇಬೇಕು. ಎರಡು ಪದರಗಳ ನಡುವೆ ಅದನ್ನು ಒತ್ತಿ ಅಂಟಿಸಿದರೆ ಅದು ಕೇವಲ ಲೋಹದ ಹಾಳೆಯಾಗಿ ಶಾಖವನ್ನು ದಾಟಿಸುತ್ತದೆ.

5. ಸಾಮಗ್ರಿಗಳ ಗುಣದೋಷ

(ಅ) ಸೆಣಬಿನ ಫೆಲ್ಟ್ ಮತ್ತು ತೆಂಗಿನ ನಾರು: ಹಿಂದಿನ ಕಾಲದ ಕಾರುಗಳಲ್ಲಿ ಇಂತಹ ನಾರಿನ ಹಾಸುಗಳೇ ಬಳಕೆಯಲ್ಲಿದ್ದವು. ಮೂಲ ಸ್ವರೂಪಕ್ಕೆ ಹತ್ತಿರವಾದ, ಬೆಲೆಯಲ್ಲಿ ಅಗ್ಗವಾದ ಆಯ್ಕೆ. ದೋಷವೆಂದರೆ ನೀರು ಹೀರಿ ದಿನಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತವೆ. ಅಂಟಿಸದೆ ಹಾಸಿ, ಮಳೆಗಾಲದಲ್ಲಿ ಹೊರತೆಗೆದು ಒಣಗಿಸುವ ಅಭ್ಯಾಸವಿರುವವರಿಗೆ ಮಾತ್ರ ಸೂಕ್ತ.

(ಆ) ಡಾಂಬರಿನ ಹಾಳೆ: ಕಂಪನವನ್ನು ತಡೆಯುತ್ತದೆ. ಆದರೆ ಬಿಸಿಲಿಗೆ ಮೆತ್ತಗಾಗಿ ವಾಸನೆ ಬೀರುವ, ಇಳಿಜಾರಿನ ಭಾಗಗಳಲ್ಲಿ ಜಾರುವ ಸಾಧ್ಯತೆಯಿದೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಗಿತ್ತು. ಬಿಸಿಲಿನಲ್ಲಿ ನಿಂತ ಕಾರಿನ ಛಾವಣಿಯ ತಗಡು ಇದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಕಟ್ಟಡದ ತಾರಸಿ ಸೋರಿಕೆಗೆಂದು ಮಾರುವ ಡಾಂಬರು ಪಟ್ಟಿಯನ್ನು ಅಗ್ಗವೆಂಬ ಕಾರಣಕ್ಕೆ ಕಾರಿನೊಳಗೆ ಬಳಸಬಾರದು.

(ಇ) ಬ್ಯೂಟೈಲ್ ರಬ್ಬರ್ ಹಾಳೆ: ಕಂಪನ ತಡೆಗೆ ಡಾಂಬರಿಗಿಂತ ಉತ್ತಮ, ಶಾಖಕ್ಕೆ ಸುಲಭವಾಗಿ ಕರಗದು, ವಾಸನೆ ಕಡಿಮೆ. ಬೆಲೆ ಹೆಚ್ಚು. ಒಮ್ಮೆ ಅಂಟಿದ ಮೇಲೆ ತೆಗೆಯುವುದು ಶ್ರಮದ ಕೆಲಸವಾದ್ದರಿಂದ ಅಗತ್ಯವಿರುವ ಕಡೆ ಮಾತ್ರ ಬಳಸುವುದು ಲೇಸು.

(ಈ) ಮುಚ್ಚಿದ ಗುಳ್ಳೆಗಳ ಫೋಮ್: ನೀರನ್ನು ಹೀರುವುದಿಲ್ಲ, ಹಗುರ, ಶಾಖ ತಡೆಗೆ ಒಳ್ಳೆಯದು. ಸೀಟಿನ ಮೆತ್ತೆಗೆ ಬಳಸುವ ಸ್ಪಂಜಿನಂತಹ ಫೋಮ್ ಇದಲ್ಲ. ಖರೀದಿಗೆ ಮುನ್ನ ಒಂದು ತುಂಡನ್ನು ನೀರಿನಲ್ಲಿ ಮುಳುಗಿಸಿ ಹಿಂಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

(ಉ) ಭಾರದ ವಿನೈಲ್ ಹಾಸು: ಗಾಳಿಯಲ್ಲಿ ಬರುವ ಸದ್ದನ್ನು ತಡೆಯುತ್ತದೆ. ತೂಕ ಹೆಚ್ಚಾದ್ದರಿಂದ ಎಂಜಿನ್ ಕಡೆಯ ಗೋಡೆ ಹಾಗೂ ಗೇರ್‌ಬಾಕ್ಸ್ ಮೇಲಿನ ಉಬ್ಬಿಗೆ ಸೀಮಿತಗೊಳಿಸುವುದು ಉತ್ತಮ.

6. ತೂಕದ ಲೆಕ್ಕ

ನೋಂದಣಿ ಪ್ರಮಾಣಪತ್ರದಲ್ಲಿ ವಾಹನದ ಖಾಲಿ ತೂಕವು ನಮೂದಾಗಿರುತ್ತದೆ. ಹಳೆಯ ಬ್ರೇಕ್ ಹಾಗೂ ಸ್ಪ್ರಿಂಗ್‌ಗಳು ಆ ತೂಕಕ್ಕೆ ತಕ್ಕಂತೆ ರೂಪಿತವಾದವು. ಆದ್ದರಿಂದ ಸಾಮಗ್ರಿಯ ಬೆಲೆಯೊಡನೆ ತೂಕವನ್ನೂ ಲೆಕ್ಕ ಹಾಕತಕ್ಕದ್ದು. ಪ್ರತಿ ಚದರ ಮೀಟರಿಗೆ 2 ಮಿ.ಮೀ. ದಪ್ಪದ ಬ್ಯೂಟೈಲ್ ಹಾಳೆ ಸುಮಾರು 3 ಕೆ.ಜಿ., ಭಾರದ ವಿನೈಲ್ ಸುಮಾರು 5 ಕೆ.ಜಿ., 6 ಮಿ.ಮೀ. ಫೋಮ್ ಅರ್ಧ ಕೆ.ಜಿ. ತೂಗುತ್ತವೆ ಎಂದು ಭಾವಿಸಿ, 3 ಚದರ ಮೀಟರ್ ವಿಸ್ತೀರ್ಣಕ್ಕೆ ಮಾದರಿ ಲೆಕ್ಕವನ್ನು ಕೆಳಗೆ ನೀಡಲಾಗಿದೆ.

ಎಲ್ಲ ಕಡೆ ಮೂರೂ ಪದರ ಹಾಕಿದಲ್ಲಿ: ಬ್ಯೂಟೈಲ್ 9 ಕೆ.ಜಿ. + ವಿನೈಲ್ 15 ಕೆ.ಜಿ. + ಫೋಮ್ 1.5 ಕೆ.ಜಿ. = 25.5 ಕೆ.ಜಿ.

ಅಗತ್ಯವಿರುವ ಕಡೆ ಮಾತ್ರ ಹಾಕಿದಲ್ಲಿ: ಬ್ಯೂಟೈಲ್ 1 ಚದರ ಮೀಟರಿಗೆ 3 ಕೆ.ಜಿ. + ವಿನೈಲ್ 1 ಚದರ ಮೀಟರಿಗೆ 5 ಕೆ.ಜಿ. + ಪೂರ್ಣ ವಿಸ್ತೀರ್ಣಕ್ಕೆ ಫೋಮ್ 1.5 ಕೆ.ಜಿ. = 9.5 ಕೆ.ಜಿ.

ಎರಡರ ನಡುವಿನ ವ್ಯತ್ಯಾಸ 16 ಕೆ.ಜಿ. ಹೆಚ್ಚುವರಿ ಹಾಳೆಗಳಿಂದ ದೊರೆಯುವ ಪ್ರಯೋಜನವು ಅವುಗಳ ತೂಕ ಮತ್ತು ಖರ್ಚಿಗೆ ಸಮನಾಗಿ ಬೆಳೆಯುವುದಿಲ್ಲ.

7. ಅಳವಡಿಕೆಯಲ್ಲಿ ಎಚ್ಚರಿಕೆ

– ಬಾಗಿಲುಗಳ ತಳದಲ್ಲಿ ಹಾಗೂ ನೆಲದಲ್ಲಿ ನೀರು ಹೊರಹೋಗಲು ಬಿಟ್ಟಿರುವ ರಂಧ್ರಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು.
– ನೆಲಕ್ಕೆ ಹೊಸದಾಗಿ ಸ್ಕ್ರೂ ಹೊಡೆಯಬಾರದು. ಪೆಟ್ರೋಲ್ ಹಾಗೂ ಬ್ರೇಕ್ ಕೊಳವೆಗಳು ನೆಲದ ಕೆಳಗೆ ಹಾದುಹೋಗಿರುತ್ತವೆ.
– ಹಳೆಯ ವೈರುಗಳ ಹೊದಿಕೆ ಒಣಗಿ ಬಿರುಕು ಬಿಟ್ಟಿದ್ದಲ್ಲಿ ಮೊದಲು ಬದಲಿಸತಕ್ಕದ್ದು. ವೈರುಗಳನ್ನು ಹಾಳೆಯ ಕೆಳಗೆ ಒತ್ತಿ ಹೂತುಬಿಡುವುದು ಬೆಂಕಿಗೆ ದಾರಿ. ವಾಹನದ ಒಳಾಂಗಣ ಸಾಮಗ್ರಿಗಳ ದಹನಶೀಲತೆಗೆ ಐಎಸ್ 15061 ಎಂಬ ಭಾರತೀಯ ಮಾನಕವಿದ್ದು, ಅದಕ್ಕೆ ಅನುಗುಣವಾದ ಸಾಮಗ್ರಿಯನ್ನು ಕೇಳಿ ಪಡೆಯುವುದು ಉತ್ತಮ.
– ಅಂಟಿನ ಆವಿ ಉಸಿರಿಗೆ ಹಾನಿಕರ ಹಾಗೂ ಬೇಗನೆ ಹೊತ್ತಿಕೊಳ್ಳುವಂತಹುದು. ಎಲ್ಲ ಬಾಗಿಲುಗಳನ್ನು ತೆರೆದು, ಬ್ಯಾಟರಿ ಸಂಪರ್ಕ ತಪ್ಪಿಸಿ ಕೆಲಸ ಮಾಡಿಸತಕ್ಕದ್ದು.
– ಕೆಲವು ಹಳೆಯ ಕಾರುಗಳ ಶಾಖ ತಡೆ ಹಾಳೆಗಳಲ್ಲಿ ಕಲ್ನಾರು ಇರಬಹುದು. ಅದರ ಸೂಕ್ಷ್ಮ ಎಳೆಗಳು ಉಸಿರಿನೊಂದಿಗೆ ಸೇರಿ ಶ್ವಾಸಕೋಶದ ಕಾಯಿಲೆ ಹಾಗೂ ಕ್ಯಾನ್ಸರ್ ಉಂಟುಮಾಡುತ್ತವೆ. ಅಂತಹ ಹಾಳೆಯನ್ನು ಒಣಗಿದ್ದಾಗ ಕೆರೆಯುವುದು, ಗುಡಿಸುವುದು ಸಲ್ಲದು. ಗಟ್ಟಿಯಾಗಿದ್ದಲ್ಲಿ ಹಾಗೆಯೇ ಬಿಡುವುದು ಕ್ಷೇಮ. ಕೆಲಸಗಾರನ ಆರೋಗ್ಯವೂ ಮಾಲೀಕರ ಹೊಣೆ ಎಂಬುದನ್ನು ಮರೆಯಬಾರದು.
– ಛಾವಣಿಯ ಒಳಬಟ್ಟೆ ಸುಸ್ಥಿತಿಯಲ್ಲಿದ್ದರೆ ನಿರೋಧಕಕ್ಕಾಗಿ ಅದನ್ನು ಬಿಚ್ಚಿಸಬಾರದು. ಹಳೆಯ ಬಟ್ಟೆ ಬಿಚ್ಚುವಾಗಲೇ ಹರಿಯುವ ಸಂಭವ ಹೆಚ್ಚು. ಬಟ್ಟೆ ಬದಲಿಸುವ ಸಂದರ್ಭ ಬಂದಾಗ ಅದರೊಂದಿಗೆ ಛಾವಣಿಗೂ ಹಗುರ ಫೋಮ್ ಹಾಕಿಸಬಹುದು.

8. ದಾಖಲೆ ಮತ್ತು ಅರ್ಜಿ

ಕೆಲಸಕ್ಕೆ ಮುನ್ನ, ನಡುವೆ ಹಾಗೂ ನಂತರ ನೆಲ, ಎಂಜಿನ್ ಕಡೆಯ ಗೋಡೆ ಮತ್ತು ಚಾಸಿ ಸಂಖ್ಯೆಯ ಭಾವಚಿತ್ರಗಳನ್ನು ತೆಗೆದಿರಿಸಿಕೊಳ್ಳುವುದು ಒಳಿತು. ಚಾಸಿ ಸಂಖ್ಯೆ ಹಾಗೂ ತಯಾರಕರ ಫಲಕದ ಮೇಲೆ ಹಾಳೆ ಅಂಟಿಸಬಾರದು. ತೆಗೆದ ಮೂಲ ಹಾಸುಗಳನ್ನು ಎಸೆಯದೆ ಕಾಪಾಡುವುದು ಹಾಗೂ ಖರೀದಿಯ ರಸೀದಿಗಳನ್ನು ಇರಿಸಿಕೊಳ್ಳುವುದು ಮುಂದೆ ಪ್ರಯೋಜನಕ್ಕೆ ಬರುತ್ತದೆ.

ವಿಂಟೇಜ್ ನೋಂದಣಿಗೆ ನಮೂನೆ 20ರಲ್ಲಿ ಅರ್ಜಿ ಸಲ್ಲಿಸಿ, ವಿಮಾ ಪತ್ರ ಹಾಗೂ ಈಗಾಗಲೇ ನೋಂದಣಿಯಾಗಿರುವ ವಾಹನವಾದಲ್ಲಿ ಹಳೆಯ ನೋಂದಣಿ ಪ್ರಮಾಣಪತ್ರವನ್ನು ಲಗತ್ತಿಸತಕ್ಕದ್ದು. 2021ರ ತಿದ್ದುಪಡಿಯಂತೆ ಹೊಸ ನೋಂದಣಿಗೆ ರೂ. 20,000 ಹಾಗೂ ಮರುನೋಂದಣಿಗೆ ರೂ. 5,000 ಶುಲ್ಕ ನಿಗದಿಯಾಗಿದೆ. ಪ್ರಮಾಣಪತ್ರವು ನಮೂನೆ 23ಎ ರಲ್ಲಿ ದೊರೆಯುತ್ತಿದ್ದು, 10 ವರ್ಷಗಳವರೆಗೆ ಸಿಂಧುವಾಗಿರುತ್ತದೆ.

9. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳ ಹಳೆಯ ಸಂಖ್ಯೆಯನ್ನು ಬಿಟ್ಟುಕೊಡಬೇಕಾಗುವುದೇ?
ಉತ್ತರ: ಇಲ್ಲ. ಈಗಾಗಲೇ ನೋಂದಣಿಯಾಗಿರುವ ವಾಹನಗಳು ತಮ್ಮ ಮೂಲ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವವುಗಳಿಗೆ ‘ವಿಎ’ ಸರಣಿ ಅನ್ವಯಿಸುತ್ತದೆ.

ಪ್ರಶ್ನೆ: ವಿಂಟೇಜ್ ನೋಂದಣಿಯ ನಂತರ ಕಾರನ್ನು ದಿನನಿತ್ಯ ಓಡಿಸಬಹುದೇ?
ಉತ್ತರ: ಅವಕಾಶವಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಹಾಗೂ ನಿರ್ವಹಣೆಗಾಗಿ ಮಾತ್ರ ರಸ್ತೆಗೆ ತರಬಹುದು. ಆದಕಾರಣ ಈ ನೋಂದಣಿ ಕೋರುವವರು ದುಬಾರಿ ನಿರೋಧಕಕ್ಕೆ ಹಣ ಹೂಡುವ ಮುನ್ನ ಕಾರು ವರ್ಷಕ್ಕೆ ಎಷ್ಟು ದಿನ ಓಡಲಿದೆ ಎಂಬುದನ್ನು ಯೋಚಿಸುವುದು ಒಳ್ಳೆಯದು.

ಪ್ರಶ್ನೆ: ಖರ್ಚಿಗೆ ಹಣ ಕಡಿಮೆಯಿದ್ದಲ್ಲಿ ಯಾವುದನ್ನು ಮೊದಲು ಮಾಡಿಸಬೇಕು?
ಉತ್ತರ: ಮೊದಲು ಸೈಲೆನ್ಸರ್ ಸೋರಿಕೆ, ರಬ್ಬರ್ ಬಿರಡೆ ಮತ್ತು ಬೀಡಿಂಗ್. ನಂತರ ಎಂಜಿನ್ ಕಡೆಯ ಗೋಡೆ ಹಾಗೂ ಮುಂದಿನ ಪ್ರಯಾಣಿಕರ ಕಾಲಿನ ಜಾಗಕ್ಕೆ ಫೋಮ್. ಉಳಿದವು ಆ ಬಳಿಕ.

10. ಕೊನೆಯದಾಗಿ

ಹಳೆಯ ಕಾರನ್ನು ಹೊಸ ಕಾರಿನಷ್ಟು ನಿಶ್ಶಬ್ದಗೊಳಿಸುವುದು ಸಾಧ್ಯವಿಲ್ಲ. ಅದು ಅಗತ್ಯವೂ ಅಲ್ಲ. ಪ್ರಯಾಣಿಕರ ಕಾಲು ಸುಡದೆ, ಪಕ್ಕದವರ ಮಾತು ಕೇಳಿಸುವಂತಾದರೆ ಉದ್ದೇಶ ಈಡೇರಿದಂತೆ. ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಹಾಸನ್ನು ಎತ್ತಿ ಕೆಳಗಿನ ತಗಡನ್ನು ನೋಡಿ, ತೇವ ಕಂಡಲ್ಲಿ ಒಣಗಿಸಿ, ಸೋರುವ ಜಾಗವನ್ನು ಸರಿಪಡಿಸಿಕೊಳ್ಳುವಂತೆ ಮಾಲೀಕರಲ್ಲಿ ಮನವಿ ಮಾಡಲಾಗಿದೆ. ಎತ್ತಲು ಬಾರದಂತೆ ಅಂಟಿಸಿದ ಹಾಸಿನಿಂದ ಈ ಸಣ್ಣ ಕೆಲಸವೂ ಸಾಧ್ಯವಾಗುವುದಿಲ್ಲ. ನೋಂದಣಿ ಕುರಿತ ಹೆಚ್ಚಿನ ವಿವರಗಳಿಗೆ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.