ಒರೆಗಲ್ಲಿನ ಮುಂದೆ ವೀರ

ಉತ್ತರಕುಮಾರನ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಅಂತಃಪುರದ ಹೆಂಗಳೆಯರ ನಡುವೆ ಕೌರವರನ್ನು ಹುಲ್ಲುಕಡ್ಡಿಗೆ ಸಮವೆಂದು ಎಣಿಸಿದ್ದವನು, ರಣರಂಗದಲ್ಲಿ ಅವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ಒಲೆಯ ಮುಂದಿನ ಪೌರುಷವೆಂದು ನಾವು ನಗುತ್ತೇವೆ. ಆದರೆ ಆಡುವಾಗ ಅವನು ತನ್ನ ಮಾತನ್ನು ತಾನೇ ನಂಬಿದ್ದಿರಲೂಬಹುದು. ಮನುಷ್ಯನು ತನ್ನ ಸಿದ್ಧತೆಯನ್ನು ತಾನೇ ಅಳೆದುಕೊಳ್ಳಬಲ್ಲನೇ? ಯುದ್ಧವಿಮಾನವನ್ನೋ ಅಂತರಿಕ್ಷನೌಕೆಯನ್ನೋ ಒಬ್ಬನ ಕೈಗೆ ಒಪ್ಪಿಸಬೇಕಾದವರಿಗೆ ಇದು ನಗೆಯ ಪ್ರಶ್ನೆಯಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆಯುತ್ತಿದೆ. ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇಲ್ಲಿ ಸ್ಥಾಪಿತವಾದದ್ದು 1957ರಲ್ಲಿ. ಅಲ್ಲಿ ಗಾಣವನ್ನು ನೆನಪಿಗೆ ತರುವ ಒಂದು ಯಂತ್ರವಿದೆ. ಉದ್ದನೆಯ ತೋಳಿನ ತುದಿಯಲ್ಲಿ ಒಂದು ಪುಟ್ಟ ಗೂಡು, ಅದರೊಳಗೆ ವೈಮಾನಿಕ. ತೋಳು ವೇಗವಾಗಿ ಸುತ್ತತೊಡಗಿದಂತೆ ದೇಹದ ಭಾರ ಏರುತ್ತದೆ. 60 ಕಿಲೋ ತೂಕದವನಿಗೆ ಗುರುತ್ವದ ಐದು ಪಟ್ಟಿನಲ್ಲಿ 300 ಕಿಲೋ ತೂಗಿದ ಅನುಭವ. ವಿಮಾನವು ರಭಸದಿಂದ ತಿರುಗಿದಾಗ ಆಗುವುದೂ ಇದೇ. ಹೃದಯಕ್ಕೂ ಕಣ್ಣಿಗೂ ಇರುವ ಅಂತರ ಸುಮಾರು ಒಂದು ಅಡಿ ಮಾತ್ರ. ಆದರೆ ಆ ಒಂದಡಿ ಎತ್ತರಕ್ಕೆ ರಕ್ತವನ್ನು ನೂಕಲು ಹೃದಯಕ್ಕೆ ಆಗ ಸಾಧ್ಯವಾಗದು. ಕಣ್ಣುಗುಡ್ಡೆಗೆ ತನ್ನದೇ ಒಳಒತ್ತಡವಿರುವುದರಿಂದ ಮೊದಲು ಸೋಲುವುದು ದೃಷ್ಟಿ. ಬಣ್ಣಗಳು ಮಾಸಿ, ನೋಟದ ಅಂಚು ಕಿರಿದಾಗಿ, ಕತ್ತಲು ಕವಿದು, ಅನಂತರ ಪ್ರಜ್ಞೆ ತಪ್ಪುತ್ತದೆ. ಕಾಲು, ಹೊಟ್ಟೆಗಳ ಸ್ನಾಯುಗಳನ್ನು ಬಿಗಿದು, ಉಸಿರನ್ನು ಕ್ರಮವಾಗಿ ಹಿಡಿದು ಬಿಡುವ ಅಭ್ಯಾಸದಿಂದ ರಕ್ತವನ್ನು ಮೇಲಕ್ಕೆ ಒತ್ತಿ ಹಿಡಿಯಬಹುದು. ಇಲ್ಲಿ ಪರೀಕ್ಷೆಯೂ ಶಿಕ್ಷಣವೂ ಒಂದೇ.

ಇದಕ್ಕಿಂತ ಸೂಕ್ಷ್ಮವಾದದ್ದು ಗಾಳಿಯ ಒತ್ತಡವನ್ನು ಇಳಿಸುವ ಕೋಣೆಯ ಪರೀಕ್ಷೆ. ಒಳಗಿನ ಒತ್ತಡವನ್ನು 25,000 ಅಡಿ ಎತ್ತರದ ಮಟ್ಟಕ್ಕೆ ತಂದು ಮುಖವಾಡ ಕಳಚಿದರೆ, ಸರಿಯಾಗಿ ಕೆಲಸ ಮಾಡಬಲ್ಲ ಅವಧಿ ಮೂರರಿಂದ ಐದು ನಿಮಿಷ. ಸಣ್ಣಪುಟ್ಟ ಲೆಕ್ಕಗಳನ್ನು ಕಾಗದದ ಮೇಲೆ ಮಾಡಲು ಹೇಳುತ್ತಾರೆ. ಅಕ್ಷರ ವಕ್ರವಾಗುತ್ತದೆ, ಲೆಕ್ಕ ತಪ್ಪುತ್ತದೆ. ಆದರೆ ಬರೆಯುತ್ತಿರುವವನಿಗೆ ಎಲ್ಲವೂ ಸರಿಯಾಗಿದೆ ಎಂಬ ಉಲ್ಲಾಸ! ಆಮ್ಲಜನಕದ ಕೊರತೆ ಮೊದಲು ಕದಿಯುವುದು ವಿವೇಕವನ್ನು. ಕಳ್ಳತನವಾದದ್ದನ್ನು ತಿಳಿಸಬೇಕಾದದ್ದೂ ಅದೇ ವಿವೇಕವಷ್ಟೆ. ಬೆರಳ ತುದಿಯ ಜುಮ್ಮೆನ್ನುವಿಕೆಯೋ ಮೈ ಬಿಸಿಯೋ, ತನ್ನ ದೇಹ ಕೊಡುವ ಮುನ್ಸೂಚನೆ ಯಾವುದೆಂದು ಅಲ್ಲಿ ಕಲಿತವನು ಆಕಾಶದಲ್ಲಿ ಬದುಕುತ್ತಾನೆ.

ಮನಸ್ಸಿಗೆ ಇಂಥ ಮಾಪಕಗಳಿಲ್ಲ. 1984ರ ಏಪ್ರಿಲ್ 3ರಂದು ಅಂತರಿಕ್ಷಕ್ಕೆ ತೆರಳಿದ ರಾಕೇಶ್ ಶರ್ಮಾ ಅವರನ್ನು ಅದಕ್ಕೂ ಮುನ್ನ ಬೆಂಗಳೂರಿನಲ್ಲಿ 72 ಗಂಟೆಗಳ ಕಾಲ ಒಂದು ಕೋಣೆಯಲ್ಲಿ ಕೂಡಿಹಾಕಲಾಗಿತ್ತು. ಇಕ್ಕಟ್ಟಿನ ಭಯವೇನಾದರೂ ಮನಸ್ಸಿನ ಆಳದಲ್ಲಿ ಅಡಗಿದೆಯೇ ಎಂದು ನೋಡುವುದು ಅದರ ಉದ್ದೇಶ. ಇಂಥ ಪರೀಕ್ಷೆಗಳು ಯಾರು ಕುಸಿಯಬಹುದೆಂಬುದನ್ನು ಒಂದಿಷ್ಟು ತಿಳಿಸಬಲ್ಲವು. ಯಾರು ಬೆಳಗುವರೆಂಬುದನ್ನು ತಿಳಿಸಲಾರವು. ಇನ್ನೊಂದು ತೊಡಕೂ ಇದೆ. ವೈದ್ಯರ ಒಂದು ಸಹಿ ವೈಮಾನಿಕನ ಹಾರಾಟವನ್ನೇ ನಿಲ್ಲಿಸಬಲ್ಲದು. ಹೀಗಿರುವಾಗ ನಿದ್ರೆ ಬಾರದ ರಾತ್ರಿಗಳನ್ನೂ ಮನೆಯ ಚಿಂತೆಯನ್ನೂ ಅವನು ಮುಚ್ಚಿಡುವುದು ಸಹಜ. ಹೇಳಿಕೊಂಡರೆ ಕೆಲಸ ಹೋದೀತು, ಹೇಳದಿದ್ದರೆ ಪ್ರಾಣ ಹೋದೀತು. ಈ ಇಕ್ಕಟ್ಟನ್ನು ಬಿಡಿಸುವ ಯಂತ್ರವಿಲ್ಲ. ಹೇಳಿಕೊಂಡವನನ್ನು ಅಳುಕನೆಂದು ಹೀಗಳೆಯದೆ, ಚಿಕಿತ್ಸೆ ನೀಡಿ ಮತ್ತೆ ಹಾರಲು ಕಳುಹಿಸುವ ಸಂಪ್ರದಾಯ ಬೆಳೆದಲ್ಲಿ ಮಾತ್ರ ವೈದ್ಯರಿಗೆ ಸತ್ಯ ದೊರೆತೀತು.

ಎಲ್ಲ ಪರೀಕ್ಷೆಗಳಲ್ಲೂ ಗೆದ್ದವರಿಗೆ ಉಳಿಯುವ ಕೊನೆಯ ಪರೀಕ್ಷೆಯೊಂದಿದೆ. ಶರ್ಮಾ ಅವರೊಡನೆ ಅದೇ ತರಬೇತಿ ಪಡೆದ ರವೀಶ್ ಮಲ್ಹೋತ್ರಾ ಪೂರ್ಣ ಸಿದ್ಧರಾಗಿದ್ದೂ ಭೂಮಿಯಲ್ಲೇ ಉಳಿದರು. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದತ್ತ ಹೊರಟಾಗ, ಅವರ ಸ್ಥಾನಕ್ಕೆ ಸಿದ್ಧರಾಗಿ ನಿಂತಿದ್ದವರು ಪ್ರಶಾಂತ್ ನಾಯರ್. ತನಗೆ ಕರೆ ಬಾರದಿರಬಹುದೆಂದು ತಿಳಿದೂ ಸಿದ್ಧತೆಯಲ್ಲಿ ಕೂದಲೆಳೆಯಷ್ಟೂ ಸಡಿಲಬಿಡದಿರುವುದಕ್ಕೆ ಎಂಥ ಮನಸ್ಸು ಬೇಕು!

ಉತ್ತರಕುಮಾರನ ಕಥೆ ಅವನ ಓಟದೊಂದಿಗೆ ಮುಗಿಯುವುದಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಬೃಹನ್ನಳೆ ಅವನನ್ನು ಹಿಡಿದು ತಂದು, ಧೈರ್ಯ ಹೇಳಿ, ಕೈಗೆ ಕುದುರೆಗಳ ಹಗ್ಗ ಕೊಟ್ಟಳು. ಯೋಧನಾಗಲಾರದವನು ಅಂದು ಅರ್ಜುನನ ಸಾರಥಿಯಾಗಿ ರಥ ನಡೆಸಿದನು. ಭಯಪಟ್ಟವನನ್ನು ನಕ್ಕು ಕಳುಹಿಸುವುದು ಸುಲಭ. ಅವನು ಯಾವ ಕೆಲಸಕ್ಕೆ ಸಿದ್ಧನೆಂದು ಕಂಡುಕೊಳ್ಳುವುದು ಪರೀಕ್ಷಕನ ನಿಜವಾದ ಕೆಲಸ.