ಕೋಶರಹಿತ ಪ್ರೋಟೀನ್ ಸಂಶ್ಲೇಷಣೆಯಲ್ಲಿ ಮೆಗ್ನೀಸಿಯಮ್ ಮತ್ತು ಅಣುದಟ್ಟಣೆ

ಜೀವಕೋಶಗಳನ್ನು ಒಡೆದು ಪಡೆದ ಸಾರದಲ್ಲಿ ಪ್ರೋಟೀನ್ ತಯಾರಿಸುವ ವಿಧಾನವನ್ನು ಕೋಶರಹಿತ ಪ್ರೋಟೀನ್ ಸಂಶ್ಲೇಷಣೆ ಎನ್ನುತ್ತಾರೆ. ಸಾರದಲ್ಲಿ ಉಳಿದ ರೈಬೋಸೋಮುಗಳು ಆರ್‌ಎನ್‌ಎಯ ಸಂಕೇತವನ್ನು ಓದಿ ಅಮೈನೊ ಆಮ್ಲಗಳನ್ನು ಸರಪಳಿಯಾಗಿ ಪೋಣಿಸುತ್ತವೆ.

ಈ ಕ್ರಿಯೆಗೆ ಮೆಗ್ನೀಸಿಯಮ್ ಅಯಾನುಗಳು ಅನಿವಾರ್ಯ. ರೈಬೋಸೋಮಿನ ಎರಡು ಭಾಗಗಳು ಕೂಡಿಕೊಂಡಿರಲು ಇವು ಬೇಕು. ಪ್ರಮಾಣ ತೀರ ತಗ್ಗಿದರೆ ಭಾಗಗಳು ಬೇರ್ಪಡುತ್ತವೆ. ಮಿತಿಮೀರಿದರೆ ಸಂಕೇತದ ಓದಿನಲ್ಲಿ ತಪ್ಪುಗಳು ಹೆಚ್ಚುತ್ತವೆ. ಆದರೂ ಈ ಅತಿಪ್ರಮಾಣವೇ ಒಮ್ಮೆ ವಿಜ್ಞಾನಕ್ಕೆ ಉಪಕಾರ ಮಾಡಿದೆ. 1961ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯ್ ಅವರು ಇ. ಕೋಲಿ ಬ್ಯಾಕ್ಟೀರಿಯಾದ ಸಾರಕ್ಕೆ ಯುರಾಸಿಲ್ ಒಂದೇ ಇದ್ದ ಕೃತಕ ಆರ್‌ಎನ್‌ಎ ಸೇರಿಸಿದಾಗ ಫಿನೈಲ್‌ಅಲನಿನ್ ಸರಪಳಿ ದೊರೆಯಿತು. ವಂಶವಾಹಿ ಸಂಕೇತದ ಮೊದಲ ಪದ ತಿಳಿದದ್ದು ಹೀಗೆ. ಆ ಆರ್‌ಎನ್‌ಎಯಲ್ಲಿ ಆರಂಭಸೂಚಕ ಸಂಕೇತವೇ ಇರಲಿಲ್ಲ. ಮೆಗ್ನೀಸಿಯಮ್ ಹೆಚ್ಚಿದ್ದುದರಿಂದ ಅದಿಲ್ಲದೆಯೂ ಓದು ಮೊದಲಾಯಿತು.

ಇನ್ನೊಂದು ಅಂಶ ಅಣುದಟ್ಟಣೆ. ಇ. ಕೋಲಿ ಕೋಶದೊಳಗೆ ಪ್ರತಿ ಮಿಲಿಲೀಟರಿಗೆ ಸುಮಾರು 300–400 ಮಿಲಿಗ್ರಾಂ ಬೃಹದಣುಗಳು ಕಿಕ್ಕಿರಿದಿರುತ್ತವೆ. ಸಾರ ಇದಕ್ಕಿಂತ ಬಹಳ ತೆಳು. ಆದುದರಿಂದ ಪಾಲಿಎಥಿಲೀನ್ ಗ್ಲೈಕಾಲ್, ಫೈಕಾಲ್ ಮುಂತಾದವನ್ನು ಬೆರೆಸಿ ಆ ಇಕ್ಕಟ್ಟನ್ನು ಅನುಕರಿಸುತ್ತಾರೆ. ಇಕ್ಕಟ್ಟಿನಲ್ಲಿ ಅಣುಗಳು ಸುಲಭವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆದರೆ ಸಂತೆಯ ನೂಕುನುಗ್ಗಲಿನಲ್ಲಿ ನಡೆಯುವವರಂತೆ ಅವುಗಳ ಚಲನೆ ನಿಧಾನವಾಗುತ್ತದೆ. ಅಲ್ಲದೆ ಕೆಲವು ಆರ್‌ಎನ್‌ಎಗಳು ಇಕ್ಕಟ್ಟಿನಲ್ಲಿ ಕಡಿಮೆ ಮೆಗ್ನೀಸಿಯಮ್‌ನಲ್ಲಿಯೇ ಸರಿಯಾಗಿ ಮಡಚಿಕೊಳ್ಳುತ್ತವೆ. ಹಾಗಾಗಿ ಒಂದರ ಪ್ರಮಾಣ ಬದಲಿಸಿದಾಗ ಇನ್ನೊಂದನ್ನೂ ಮತ್ತೆ ಹೊಂದಿಸಿ ನೋಡಬೇಕಾಗುತ್ತದೆ.