ಪಾರಾಯಣದ ಧ್ವನಿ ತಡವರಿಸುವುದೇಕೆ?

ಕಂಪ್ಯೂಟರಿನಲ್ಲಿ ಖುರ್‌ಆನ್ ಪಾರಾಯಣ ಕೇಳಿ ಕಲಿಯುವ ಮಕ್ಕಳು ಈಗ ನಮ್ಮ ಚೆಟ್ಟಳ್ಳಿಯ ಮನೆಗಳಲ್ಲೂ ಇದ್ದಾರೆ. ಬೇರೆ ಆಡಿಯೋ ತಡವರಿಸಿದರೆ ಕಿರಿಕಿರಿ ಅಷ್ಟೆ, ಪಾರಾಯಣ ಹಾಗಲ್ಲ. ಸೂರಃ ಅಲ್-ಫಾತಿಹಾದ ಕೊನೆಯ ಪದದಲ್ಲಿ ಆರು ಹರಕತ್‌ನಷ್ಟು ಎಳೆಯಬೇಕಾದ ಮದ್ದ್ ಇದೆ. ನಡುವೆ ಧ್ವನಿ ಕಡಿದರೆ ಅದು ನಾಲ್ಕಾಗಿ ಕೇಳಿಸುತ್ತದೆ, ತುಂಡೊಂದು ಮರುಕಳಿಸಿದರೆ ಎಂಟಾಗುತ್ತದೆ. ಮಗು ಕೇಳಿದ್ದನ್ನೇ ಬಾಯಿಪಾಠ ಮಾಡುತ್ತದೆ. ಆಮೇಲೆ ತಿದ್ದುವ ಕಷ್ಟ ಮದ್ರಸದ ಉಸ್ತಾದರದು.

ಹೆಚ್ಚಿನವರು ಮೊದಲು ಹೊಸ ಸ್ಪೀಕರ್ ಕೊಳ್ಳುತ್ತಾರೆ. ತಪ್ಪು ಸ್ಪೀಕರಿನದ್ದಾಗಿರುವುದು ಕಡಿಮೆ.

ವುಝೂ ಮಾಡುವ ನಲ್ಲಿಯನ್ನು ನೆನಪಿಸಿಕೊಳ್ಳಿ. ಪಂಪ್ ಆಗಾಗ ಓಡಿ ಟ್ಯಾಂಕ್ ತುಂಬಿಸುತ್ತದೆ, ನಲ್ಲಿ ಮಾತ್ರ ನಿಲ್ಲದೆ ಹರಿಯುತ್ತದೆ. ಕಂಪ್ಯೂಟರಿನಲ್ಲಿ ಆ ಟ್ಯಾಂಕಿಗೆ ಬಫರ್ ಎನ್ನುತ್ತಾರೆ. ಧ್ವನಿಯ ಮಾದರಿಗಳು ಸೆಕೆಂಡಿಗೆ 48,000 ಹರಿಯುತ್ತವೆ ಎಂದಿಟ್ಟುಕೊಳ್ಳಿ. 10 ಮಿಲಿಸೆಕೆಂಡಿನ ಬಫರಿನಲ್ಲಿ ಹಿಡಿಯುವುದು 480 ಮಾತ್ರ. ಅದು ಖಾಲಿಯಾಗುವಷ್ಟರಲ್ಲಿ ಪ್ರೊಸೆಸರ್ ಮತ್ತೆ ತುಂಬಿಸಬೇಕು. ಅದೇ ಹೊತ್ತಿಗೆ ವೈಫೈ ಅಥವಾ ಗ್ರಾಫಿಕ್ಸ್‌ನ ಡ್ರೈವರ್ ಪ್ರೊಸೆಸರನ್ನು ಹಿಡಿದು ಕೂತರೆ ನಲ್ಲಿ ಕೆಮ್ಮುತ್ತದೆ. ಪ್ರೊಸೆಸರ್ ಎಷ್ಟು ವೇಗದ್ದಾದರೂ ಸರಿ, ಇದು ಆಗಬಹುದು.

1990ರ ದಶಕದ ಕಂಪ್ಯೂಟರುಗಳಲ್ಲಿ ಈ ಜಗಳ ಇನ್ನೂ ನೇರವಾಗಿತ್ತು. ಪ್ರೊಸೆಸರಿನ ಗಮನ ಸೆಳೆಯಲು ಇದ್ದದ್ದು 16 ಇಂಟರಪ್ಟ್ ಸಾಲುಗಳು. ಸೌಂಡ್ ಕಾರ್ಡಿಗೂ ಪ್ರಿಂಟರ್ ಪೋರ್ಟಿಗೂ 7ನೆಯ ಸಾಲೇ ಬಂದರೆ ತೊಂದರೆ ಖಚಿತ. ಈಗ ಸಾಲುಗಳ ಕೊರತೆಯಿಲ್ಲ, ಡ್ರೈವರುಗಳ ಒರಟುತನ ಮಾತ್ರ ಉಳಿದಿದೆ.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ಮೊದಲು ಆಡಿಯೋವನ್ನು ಡೌನ್‌ಲೋಡ್ ಮಾಡಿ, ಇಂಟರ್‌ನೆಟ್ ಆರಿಸಿ ಕೇಳಿ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆಂದು ಹೇಳಬೇಕಿಲ್ಲ. ಅದರ ತಪ್ಪನ್ನು ಯಂತ್ರದ ಮೇಲೆ ಹೊರಿಸಬಾರದು. ಪ್ರತಿ ಸಲ ಅದೇ ಆಯತ್‌ನಲ್ಲಿ ಕಡಿದರೆ ಫೈಲೇ ಕೆಟ್ಟಿದೆ. ಬೇರೆ ಬೇರೆ ಕಡೆ ಕಡಿದರೆ ಕಂಪ್ಯೂಟರನ್ನು ನೋಡಬೇಕು. ಯುಎಸ್‌ಬಿಗೆ ಚುಚ್ಚಿದ್ದನ್ನೆಲ್ಲ ತೆಗೆದು, ಒಂದೊಂದಾಗಿ ಮತ್ತೆ ಸೇರಿಸಿ. ವೈಫೈ ಆರಿಸಿದಾಗ ಮಾತ್ರ ಸರಿಹೋದರೆ ಅದರ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಹೊಸದಾಗಿ ಹಾಕಿ. ಬ್ಲೂಟೂತ್ ಸ್ಪೀಕರ್ ಆಗಿದ್ದರೆ ಕಾರಣ ಬೇರೆಯೂ ಇರಬಹುದು: ಬ್ಲೂಟೂತ್ ಮತ್ತು ಹಳೆಯ ವೈಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ. ತಂತಿಯ ಸ್ಪೀಕರ್ ಹಾಕಿ ನೋಡಿದರೆ ತಿಳಿಯುತ್ತದೆ. ಕರೆಂಟ್ ಹೋಗಿ ಬ್ಯಾಟರಿಗೆ ಬಂದಾಗ ಮಾತ್ರ ತಡವರಿಸುವುದಾದರೆ, ಪವರ್ ಆಯ್ಕೆಯಲ್ಲಿ ಉಳಿತಾಯದ ಕ್ರಮವನ್ನು ತೆಗೆಯಿರಿ. ಗುಂಯ್ ಎಂಬ ಸದ್ದು ತಡವರಿಕೆಯಲ್ಲ. ಅದು ಇನ್ವರ್ಟರ್ ಅಥವಾ ಅರ್ಥಿಂಗ್‌ನ ವಿಷಯ.

ಇಷ್ಟಕ್ಕೂ ಸಿಗದಿದ್ದರೆ ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ. ಯಾವ ಡ್ರೈವರ್ ಹೆಚ್ಚು ಹೊತ್ತು ಪ್ರೊಸೆಸರನ್ನು ಹಿಡಿದಿತ್ತೆಂದು ಅದು ಹೆಸರು ಹಿಡಿದೇ ಹೇಳುತ್ತದೆ.

ಜುಮಾ ಖುತ್ಬಾ ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಕೇಳುವಾಗ ಕಡಿದರೆ ಫೈಲ್ ಹಾಗೇ ಇರುತ್ತದೆ. ರೆಕಾರ್ಡಿಂಗ್‌ನಲ್ಲಿ ಕಡಿದದ್ದು ಮತ್ತೆ ಸಿಗದು. ಯುಎಸ್‌ಬಿ ಮೈಕ್‌ನ ಧ್ವನಿಯಲ್ಲಿ ಕಳೆದ ತುಂಡನ್ನು ಕಂಪ್ಯೂಟರ್ ಮತ್ತೆ ಕೇಳಿ ತರಿಸಿಕೊಳ್ಳುವುದಿಲ್ಲ. ಆದ್ದರಿಂದ ಮೈಕನ್ನು ಹಬ್‌ಗೆ ಹಾಕದೆ ನೇರವಾಗಿ ಕಂಪ್ಯೂಟರಿಗೇ ಹಾಕಿ, ಪೆನ್‌ಡ್ರೈವ್ ಹೊರಗಿಟ್ಟು, ವೈಫೈ ಆರಿಸಿ, ಗುರುವಾರವೇ ಐದು ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನ್‌ನಲ್ಲಿ ಕೇಳಿ ನೋಡಿ.